ನಾಲ್ಕು, ಐದು

ಬೆಟಗೇರಿ. ಸಂಜೆ ಐದೂವರೆಯ ವಿಶೇಷ ತರಗತಿ.
ಬೋರ್ಡಿನ ಮೇಲೆ ಎರಡೇ ಸಾಲು:
ಎಕ್ಸ್‌ಗೆ ವೈ ಕೂಡಿಸಿದರೆ ಒಂಬತ್ತು,
ಎರಡು ಎಕ್ಸ್‌ನಲ್ಲಿ ವೈ ಕಳೆದರೆ ಮೂರು.
ನಕ್ಷೆಯ ಮೂಲಕ ಬಿಡಿಸಿರಿ. ಅಂಕ ನಾಲ್ಕು.

'ವರ್ಜಿಸಿದ್ರ ಅರ್ಧ ಮಿನಿಟಿನ ಕೆಲಸ ರೀ,'
ಹಿಂದಿನ ಬೆಂಚಿನ ಇಮಾಮಹುಸೇನ ಗೊಣಗಿದ.
ಖರೆ. ವರ್ಜಿಸಬೇಕಾದರೆ ಆದರೆ ಒಬ್ಬನನ್ನು ಹೊರಗೆ ಹಾಕಬೇಕು;
ಇಲ್ಲಿ ಇಬ್ಬರೂ ಕೊನೆತನಕ ಇರುತ್ತಾರೆ, ಅಂದೆ.
ಯಾರೂ ಕೇಳಿಸಿಕೊಳ್ಳಲಿಲ್ಲ. ಸ್ಕೇಲುಪಟ್ಟಿ ಒಂದೇ ಇತ್ತು,
ಬೆಂಚಿನಿಂದ ಬೆಂಚಿಗೆ ಲಾಳಿಯ ಹಾಗೆ ಓಡಾಡುತ್ತಿತ್ತು.

ಎರಡು ಬಿಂದು ಸಿಕ್ಕರೆ ಗೆರೆ ಸಿಕ್ಕಿತು,
ಮೂರನೆಯದು ಸಾಕ್ಷಿಗೆ.
ವರ್ಷಾ ಇದನ್ನೇ ಹೇಳುತ್ತೇನೆ,
ವರ್ಷಾ ಒಂದಿಬ್ಬರ ಸಾಕ್ಷಿ ಗೆರೆಯ ಹೊರಗೆ ನಿಂತಿರುತ್ತದೆ.

ತುಳಜಾ ಬಾಕಳೆ ಹಾಳೆಯ ಎಡಗಡೆ, ತಳದ ಮೂಲೆಗೇ
ಸೊನ್ನೆ ಬರೆದು ಕೂತಿದ್ದಳು.
'ಅಲ್ಲಿಂದನ ಸುರು ರೀ ಟೀಚರ್, ಸೆರಗು ಬರಿಯೂದು.'
ಅವರ ಮನೆಯಲ್ಲಿ ಈ ಚೌಕುಳಿ ಹಾಳೆ ಅವಳಿಗಿಂತ ಹಳೆಯದು.
ಕಪ್ಪು ತುಂಬಿದ ಚೌಕ ರಟ್ಟಿನ ಕಾರ್ಡಿನಲ್ಲಿ ತೂತಾಗುತ್ತದೆ,
ತೂತು ಇದ್ದಲ್ಲಿ ಎಳೆ ಏಳುತ್ತದೆ, ಇಲ್ಲದಲ್ಲಿ ಮಲಗುತ್ತದೆ,
ಹಾಗೆ ಎದ್ದು ಮಲಗಿ
ನವಿಲಿಗೆ ಕುತ್ತಿಗೆ ಬರುತ್ತದೆ.

ಮೊದಲ ಗೆರೆ ಸುಖವಾಗಿ ಇಳಿಯಿತು
ಒಂಬತ್ತರ ಎತ್ತರದಿಂದ ಒಂಬತ್ತರ ದೂರಕ್ಕೆ.
ಎರಡನೆಯದರಲ್ಲಿ ಎಕ್ಸ್‌ಗೆ ಸೊನ್ನೆ ಕೊಟ್ಟಳು:
ಮೈನಸ್ ಮೂರು.
ಹಾಳೆ ಮುಗಿದಿತ್ತು.
ಪೆನ್ಸಿಲ್ ಅಂಚು ದಾಟಿ ಬೆಂಚಿಗೆ ಬಂದು
ಯಾರೋ ಕೊರೆದ ಹೆಸರಿನ ಕೊಂಬಿನಲ್ಲಿ ನಿಂತಿತು.
'ಮೈನಸ್ಸಿಗೆ ಜಾಗಾನ ಇಲ್ರಿ.'
ಬೇರೆ ಹಾಳೆ ತಗೋ ಅಂದೆ.
ಅವಳು ಏನೂ ಅನ್ನಲಿಲ್ಲ. ಗಂಟೆ ಹೊಡೆಯಿತು.

ಮರುದಿನ ತಂದಳು: ಅದೇ ಹಾಳೆ,
ಕೆಳಗೆ ನಾಲ್ಕು ಬೆರಳಿನ ಪಟ್ಟಿ ಅಂಟಿಸಿದ್ದು.
ಹಾಸಿಗೆ ಹಚ್ಚುವ ಗಂಜಿಯಲ್ಲೇ ಅಂಟಿಸಿದ್ದಳು,
ಮಡಿಚಿದರೆ ಹಪ್ಪಳದ ಹಾಗೆ ಸದ್ದು.
ಚೌಕಕ್ಕೆ ಚೌಕ ಕೂಡಿತ್ತು, ಕೂದಲೆಳೆಯೂ ತಪ್ಪಿರಲಿಲ್ಲ.
ಎರಡನೆಯ ಗೆರೆ ಆ ಹೊಸ ನೆಲದಲ್ಲಿ ಹುಟ್ಟಿ,
ಜೋಡಣೆಯನ್ನು ಹತ್ತಿ,
ಮೊದಲಿನದನ್ನು ಕೂಡಿ, ದಾಟಿ,
ಬಾಣದ ತಲೆ ಹೊತ್ತು ಮೇಲೆ ಹೋಗಿತ್ತು.

ರಾತ್ರಿ ಅಪ್ಪ ವೆಂಕೂಸಾ ಇದನ್ನು ಬಲ್ಬಿಗೆ ಹಿಡಿದು ನೋಡಿದನಂತೆ.
ಸಾವಜಿ ಮಾತಿನಲ್ಲಿ ಅವನು ಕೇಳಿದ್ದನ್ನು
ಅವಳು ನನಗೆ ಕನ್ನಡ ಮಾಡಿ ಹೇಳಿದಳು.
ಯಾವ ಸೀರಿದಿದು?
ಎರಡ ಎಳಿ?
ಕೂಡಿದ ಮ್ಯಾಲೂ ಯಾಕ ಮುಂದ ಹೊಂಟಾವ?
'ನಿಂತ್ರ ಗಂಟಾಕ್ಕತಿ, ನೀನ ಬೈತಿಯಲ್ಲ ಅಂದೆ ರೀ.'
ಅದಕ್ಕವನು ಒಪ್ಪಿದ. ಒಪ್ಪದ್ದು ಇನ್ನೊಂದು:
ನಾವು ಚೌಕ ತುಂಬತೇವಿ,
ನಿಮ್ಮ ಟೀಚರ್ ಗೆರಿ ಕೂಡೂ ಮೂಲಿ ಹಿಡೀತಾರ,
ಮೂಲಿಯೊಳಗ ಏನ್ ಇರತೈತಿ?

ಆಮೇಲೆ ಉಳಿ ಹುಡುಕಿ,
'ತೂತು ಎಲ್ಲಿ ಹೊಡಿಯೂದು ತೋರಿಸು' ಅಂದನಂತೆ.
ಅವಳು ತೋರಿಸಿದಳು.

ಭಾನುವಾರ ತಿದ್ದಲು ಕೂತೆ.
ನಿರ್ದೇಶಾಂಕದ ಪಟ್ಟಿ ಸರಿ. ಅಕ್ಷ ಸರಿ.
ಸ್ಕೇಲ್ ಬರೆದಿಲ್ಲ: ಅರ್ಧ ಅಂಕ ಹೋಯಿತು.
ಉತ್ತರ ಇರಬೇಕಾದಲ್ಲಿ ಜೋಳದ ಕಾಳಿನಷ್ಟು ತೂತು,
ದುಂಡಗೆ. ಅವಳ ಮೊಂಡ ಪೆನ್ಸಿಲ್
ಒಂದು ಸಣ್ಣ ಗೆರೆ ಆಚೀಚೆ ಆಗಿದ್ದರೂ
ಅದನ್ನೂ ನುಂಗಿಕೊಂಡಿತ್ತು.
ಟಿಕ್ ಹಾಕಲು ಅಲ್ಲಿ ಕಾಗದವೇ ಇಲ್ಲ.

ರೂಢಿಯಂತೆ ಕೆಂಪು ಪೆನ್ನು ಊರಿದೆ.
ಅದು ಒಳಗಿಳಿದು
ಕೆಳಗಿದ್ದ ಇಮಾಮಹುಸೇನನ ಹಾಳೆಗೆ ತಾಗಿತು.
ಅವನು ಮೊದಲೇ ವರ್ಜಿಸಿ, ಉತ್ತರ ಕಂಡುಕೊಂಡು,
ಎರಡು ಗೆರೆಗಳನ್ನೂ ಕಿವಿ ಹಿಡಿದು ಅಲ್ಲಿಗೆ ಎಳೆತಂದಿದ್ದ.
ನನ್ನ ಕೆಂಪು ಚುಕ್ಕೆ
ಅವುಗಳಿಂದ ಎರಡು ಚೌಕ ಆಚೆ ಬಿದ್ದಿತ್ತು,
ಒಂಟಿ ಸಾಕ್ಷಿಯ ಹಾಗೆ.