ಖಾಲಿ ಬಿಡುವಂತಿಲ್ಲ

ಅಬೆರ್‌ಗಾರನ್ ಪುರಸಭೆ, ಎರಡನೇ ಮಹಡಿ,
ಕಕ್ಕಸಿಗೂ ನಕಲುಯಂತ್ರಕ್ಕೂ ನಡುವೆ ನನ್ನ ಮೇಜು.
ಹೆಸರು ನೆರಿಸ್ ಪ್ರಾಥರೋ. ಕೆಲಸ, ದೂರು ಓದುವುದು.
ಊರಿನವರ ಗುಟ್ಟು ನಮ್ಮ ಕೈಯಿಂದ ಜಾರಿದಾಗ
ಎಲ್ಲಿ ಬಿತ್ತು, ಯಾರು ಎತ್ತಿಕೊಂಡರು ಎಂದು
ಬಗ್ಗಿ ಹುಡುಕುವುದು;
ಮೂವತ್ತು ದಿನದೊಳಗೆ ಎರಡು ಭಾಷೆಯಲ್ಲಿ ಉತ್ತರ,
ಎಡಕ್ಕೆ ವೆಲ್ಷ್, ಬಲಕ್ಕೆ ಇಂಗ್ಲಿಷ್.

ಹೆಚ್ಚಿನವು ಸಣ್ಣವು.
ತೆರಿಗೆ ಬಾಕಿದಾರರ ಪಟ್ಟಿ
ಗ್ರಂಥಾಲಯದ ಪ್ರಿಂಟರಿನಲ್ಲಿ ರಾತ್ರಿಯಿಡೀ ಮಲಗಿತ್ತು.
ಶಾಲೆಯಲ್ಲಿ ಬಿಟ್ಟಿ ಊಟದ ಮಕ್ಕಳ ಹೆಸರಿಗೆ
ಕಪ್ಪು ಮಸಿ ಬಳಿದು ಕಳಿಸಿದ್ದರು;
ಕಿಟಕಿಗೆ ಹಿಡಿದರೆ ಒಂದೊಂದೂ ಓದಲು ಬರುತ್ತಿತ್ತು.
ನಾನೂ ಹಿಡಿದು ನೋಡಿದೆ. ಅದನ್ನು ವರದಿಯಲ್ಲಿ ಬರೆಯಲಿಲ್ಲ.
ಮುದುಕ ಇಡ್ವಾಲ್ ತಿಂಗಳು ತಿಂಗಳೂ ಬರೆಯುತ್ತಾನೆ,
ತನ್ನ ನಾಯಿಯ ಹೆಸರನ್ನು ನೆರೆಮನೆಗೆ ಹೇಳಿದ್ದು ಯಾರೆಂದು.

ನೂರ ಹದಿನಾಲ್ಕನೆಯದು ಒಂದೇ ಹಾಳೆ, ಪೆನ್ಸಿಲ್ ಬರಹ:
'ಬಿಟ್ಟು ಬಂದ ಮನೆಗೆ
ಹೊಸ ಮನೆಯ ತೆರಿಗೆ ಚೀಟಿ ಕಳಿಸಿದ್ದೀರಿ.
ಅವನಿಗೆ ಓದಲು ಬರುತ್ತದೆ.
ಶನಿವಾರ ಬಂದಿದ್ದ. ಬಾಗಿಲಿಗೆ ಗಾಜು ಹಾಕಿಸಬೇಕು.
ಅಲ್ಲೂ ಈಗ ಇಲ್ಲ ನಾನು.
ಉತ್ತರ ಅಂಚೆಗೆ ಹಾಕಬೇಡಿ, ನಾನೇ ಬರುತ್ತೇನೆ, ಗುರುವಾರ.'
ಕೆಳಗೆ ಡೆಲಿತ್ ಪ್ಯೂ. ವಿಳಾಸದ ಜಾಗದಲ್ಲಿ ಏನೂ ಇಲ್ಲ.

ಮುತ್ತು ಒಡೆದರೆ ಹೋಯಿತು, ಮಾತು ಆಡಿದರೆ ಹೋಯಿತು;
ಎರಡನೇ ದರ್ಜೆಯ ಅಂಚೆಚೀಟಿ ಹಚ್ಚಿದರೂ ಹೋಗುತ್ತದೆ.

ಉತ್ತರ ಬರೆಯಲು ಕೂತೆ.
ಕಚೇರಿಯ ಕ್ರಿಯಾಪದಗಳಿಗೆ ತಾಯಿತಂದೆ ಇಲ್ಲ:
ಕಳಿಸಲಾಗಿದೆ. ಕಂಡುಬಂದಿದೆ. ವಿಷಾದಿಸಲಾಗಿದೆ.
ಪಾಠ ಕಲಿಯಲಾಗಿದೆ. ಯಾರು ಕಲಿತರು?
ಅಳಿಸಿ 'ನಾವು' ಎಂದು ಬರೆದೆ. ಕಾನೂನು ವಿಭಾಗ
ಅದನ್ನು ಮತ್ತೆ 'ಪುರಸಭೆ' ಮಾಡಿ ಕಳಿಸಿತು.
ಅನುವಾದದ ಹ್ಯೂವ್ ಫೋನ್ ಮಾಡಿದ:
'ವಿಷಾದಕ್ಕೆ ವೆಲ್ಷಿನಲ್ಲಿ ಸ್ವಲ್ಪ ಬೆಚ್ಚಗಿನ ಪದ ಇದೆ, ಹಾಕಲೇ?'
ಹಾಕು ಅಂದೆ. ಕಾನೂನಿನವರಿಗೆ
ಎಡಗಡೆ ಓದಲು ಬರುವುದಿಲ್ಲ.

ಗುರುವಾರ ಬಂದಳು. ಒದ್ದೆ ಕೋಟು,
ಅದರಡಿ ಯಾವುದೋ ಅಂಗಡಿಯ ಏಪ್ರನ್, ಹೆಸರಿನ ಬಿಲ್ಲೆ ತೆಗೆದದ್ದು,
ಪಿನ್ನಿನ ಎರಡು ತೂತು ಮಾತ್ರ ಉಳಿದಿತ್ತು.
ನಿಂತೇ ಓದಿದಳು. ಎಡಗಡೆ ಮಾತ್ರ.
ಮಡಚಿದಳು. 'ಕಳಿಸಿದ್ದು ಯಾರು?'

ನನಗೆ ಗೊತ್ತು. ತೆರಿಗೆ ವಿಭಾಗದ ಹುಡುಗ,
ಸೇರಿ ಒಂಬತ್ತು ವಾರ;
ಪರದೆಯ ಮೇಲೆ ಎರಡು ಚೌಕ, ಒಂದನ್ನು ಒತ್ತಿದ, ಅಷ್ಟೇ.
ವಿಚಾರಣೆಯ ದಿನ ಮೆಟ್ಟಿಲಲ್ಲಿ ಕೂತು
ಟೈ ಕಚ್ಚಿಕೊಂಡು ಅಳುತ್ತಿದ್ದ.
'ಹೇಳುವಂತಿಲ್ಲ' ಅಂದೆ, 'ಅದು ಸಿಬ್ಬಂದಿಯ ಖಾಸಗಿ ಮಾಹಿತಿ.'

ನಕ್ಕಳು. ಅಷ್ಟು ಸದ್ದಿಲ್ಲದ ನಗು
ಹದಿನೇಳು ವರ್ಷದಲ್ಲಿ ನೋಡಿರಲಿಲ್ಲ.
'ಹಾಗಾದರೆ' ಅಂದಳು,
'ಕಾಯಲು ಬರುತ್ತದೆ ನಿಮಗೆ.'

ಅವಳು ಹೋದ ಮೇಲೆ ಕಡತ ಮುಚ್ಚಲು ನೋಡಿದೆ.
ಪರದೆ ಕೇಳಿತು, ದೂರುದಾರರ ಈಗಿನ ವಿಳಾಸ.
ಪಕ್ಕದಲ್ಲಿ ಕೆಂಪು ನಕ್ಷತ್ರ: ಖಾಲಿ ಬಿಡುವಂತಿಲ್ಲ.
ಚುಕ್ಕಿ ಇಟ್ಟೆ, ಒಪ್ಪಲಿಲ್ಲ. ಗೊತ್ತಿಲ್ಲ ಎಂದೆ, ಒಪ್ಪಲಿಲ್ಲ.
ಕೊನೆಗೆ ನಮ್ಮದನ್ನೇ ಹಾಕಿದೆ:
ಪುರಸಭಾ ಭವನ, ಎರಡನೇ ಮಹಡಿ, ಬಂದರು ರಸ್ತೆ.
ಮುಚ್ಚಿಕೊಂಡಿತು.

ಈಗ ಅವಳ ತೆರಿಗೆ ಚೀಟಿ, ಮತಪಟ್ಟಿಯ ಕಾಗದ,
ಗ್ರಂಥಾಲಯದ ದಂಡದ ನೋಟೀಸು
ಎಲ್ಲವೂ ನನ್ನ ಮೇಜಿಗೆ ಬರುತ್ತವೆ. ಒಡೆಯುವುದಿಲ್ಲ.
ಕೆಳಗಿನ ಡ್ರಾಯರಿನಲ್ಲಿ, ಬಿಸ್ಕತ್ತಿನ ಡಬ್ಬಿಯ ಹಿಂದೆ ಇಡುತ್ತೇನೆ.
ಇದೂ ತಪ್ಪೇ; ಯಾರಾದರೂ ದೂರು ಕೊಟ್ಟರೆ
ವಿಚಾರಿಸಬೇಕಾದವಳು ನಾನು.

ಕೆಲವು ಗುರುವಾರ ಬಂದು ಒಯ್ಯುತ್ತಾಳೆ.
ಎಲ್ಲಿಂದ ಎಂದು ಕೇಳುವುದಿಲ್ಲ.
ಅವಳು ಹತ್ತುವ ಬಸ್ಸಿನ ಸಂಖ್ಯೆ ಕಿಟಕಿಯಿಂದ ಕಾಣುತ್ತದೆ;
ಅದು ತಂಗುದಾಣಕ್ಕೆ ಬರುವ ಹೊತ್ತಿಗೆ ಎದ್ದು
ನಕಲುಯಂತ್ರಕ್ಕೆ ಹಾಳೆ ತುಂಬುತ್ತೇನೆ.