ಚಕ್ಕಡಿ ಅಗಲ

ಕಾಲುವೆ ನಮ್ಮ ಹೊಲ ಸೀಳಿದ ವರ್ಷ
ಓವರ್‌ಸಿಯರ್ ಕೇಳಿದನಂತೆ:
ಬ್ರಿಜ್ ಎಷ್ಟು ಅಗಲ ಬೇಕವ್ವಾ?
ನಮ್ಮಾಯಿ ಸಾತವ್ವ ಮಾತಾಡಲಿಲ್ಲ,
ಚಕ್ಕಡಿ ಹೊಡೆದುಕೊಂಡು ಬಂದು ನಿಲ್ಲಿಸಿದಳು.
ಗಾಲಿಯಿಂದ ಗಾಲಿಗೆ ಅವನು ಟೇಪು ಹಿಡಿದ.
ಆಗ ಅಂದಳು,
"ಎರಡು ಮೊಳ ಹೆಚ್ಚಿಗಿ ಇಡ್ರಿ,
ಗಬ್ಬದ ಎಮ್ಮಿ ಬಾಜೂಕ ನಡಿತೈತಿ."

ಈಗ ಹಂಗಾಮು. ಇರುಳಿಡೀ
ಮುಧೋಳದ ಫ್ಯಾಕ್ಟರಿ ಕಡೆ ಕಬ್ಬು,
ಒಂದು ಟ್ರ್ಯಾಕ್ಟರ್, ಹಿಂದೆ ಎರಡು ಟ್ರಾಲಿ.
ಕೈಗೋಡೆಗೆ ಉಜ್ಜಿ ಉಳಿದ ಬಣ್ಣ
ಕೆಂಪು, ನೀಲಿ, ಹೋದ ವರ್ಷದ ಹಸಿರು;
ಯಾವುದು ಯಾರ ಗಾಡಿಯದೆಂದು ಊರಿಗೇ ಗೊತ್ತು.

ಕ್ಲೀನರ್ ಹುಡುಗ ಮೌಲಾಲಿ
ಹಿಮ್ಮುಖ ನಡೆಯುತ್ತ ಬ್ಯಾಟರಿ ಬೀಸುತ್ತಾನೆ.
"ಬರ್ಲಿ, ಬರ್ಲಿ... ಎಡಕ್ಕ...
ಏ, ನಿಂದ್ರ!"
ಬೆರಳು ತೂರದಷ್ಟು ಸಂದು.
ಕೆಳಗೆ ಕಪ್ಪು ನೀರಿನಲ್ಲಿ
ಉದುರಿದ ರವದಿ ಬೀಳಗಿ ಕಡೆ ತೇಲುತ್ತದೆ.

ದಾಟಿತು.
ಚಕ್ಕಡಿ ಅಗಲದಲ್ಲಿ ಅಲ್ಲ,
ಆ ಎರಡು ಮೊಳದಲ್ಲಿ,
ಇನ್ನೂ ಹುಟ್ಟದ ಕರುವೊಂದಕ್ಕೆ
ಆಯಿ ಕೇಳಿ ಪಡೆದ ಜಾಗದಲ್ಲಿ.

ಮೌಲಾಲಿಗೆ ಇದೇನೂ ಗೊತ್ತಿಲ್ಲ.
ಗೋಡೆ ಸವರಿ ನೋಡಿದ;
ಅಂಗೈಗೆ ಹತ್ತಿದ ನೀಲಿ ಪುಡಿ
ಪ್ಯಾಂಟಿಗೆ ಒರೆಸಿಕೊಂಡು
ಓಡುತ್ತಲೇ ಟ್ರಾಲಿ ಹತ್ತಿದ.