ಎಂಟಕ್ಕೆ ತಾಗಿ ಐದಕ್ಕೆ ಬಿಡುವುದು

ಹಡಗು ಯೊಕೊಹಾಮಾಕ್ಕೆ ಬೆಳಗ್ಗೆ ಎಂಟಕ್ಕೆ ತಾಗುತ್ತದೆ,
ಸಂಜೆ ಐದಕ್ಕೆ ಬಿಡುತ್ತದೆ.
ನಾಲ್ಕೂವರೆಗೆ ಎಲ್ಲರೂ ಒಳಗಿರಬೇಕು.
ಇಳಿಯುವ ಸಾಲು, ಪಾಸ್‌ಪೋರ್ಟಿನ ಸಾಲು,
ನಾದಿನಿ ಬೊಳ್ಳಮ್ಮನ ಬಾತ್‌ರೂಮು ಕಳೆದರೆ
ಉಳಿಯುವುದು ಏಳು ಗಂಟೆ.

ಹೊತ್ತು ಕೂಡಿಸಿ ಕಳೆಯುವುದು ನನಗೆ ಹೊಸತಲ್ಲ.
ಮಡಿಕೇರಿ ಬಸ್ ಸ್ಟ್ಯಾಂಡಿನ ಗೂಡಿನಲ್ಲಿ ಮೂವತ್ತೊಂದು ವರ್ಷ
ಮಂಜಿಗೆ ಬೋರ್ಡು ಕಾಣದ ಬಸ್ಸುಗಳನ್ನು
ಎಂಜಿನ್ನಿನ ಕೆಮ್ಮಿನಿಂದಲೇ ಗುರುತು ಹಿಡಿದು
ಕೂಗಿದವನು ಈ ಕಂಟ್ರೋಲರ್ ಚಿಣ್ಣಪ್ಪ:
ಮೂರ್ನಾಡು, ವಿರಾಜಪೇಟೆ, ಎರಡು ನಿಮಿಷ!
ಎರಡು ಎಂದರೆ ಎರಡೇ.
ಕಿತ್ತಳೆ ಕೊಳ್ಳಲು ಇಳಿದವನನ್ನು
ಬಿಟ್ಟು ಕಳಿಸಿದ್ದೂ ಉಂಟು.

ಟಿಕೆಟ್ಟು ಬೊಳ್ಳಮ್ಮನದು.
ಕುವೈತಿನಲ್ಲಿ ಇಪ್ಪತ್ತೆರಡು ವರ್ಷ ಬೇರೆಯವರ ನಾಡಿ ಹಿಡಿದವಳು
ಮೂರು ಟಿಕೆಟ್ಟು ತಂದು ಊಟದ ಮೇಜಿನ ಮೇಲಿಟ್ಟಳು,
ಉಪ್ಪಿನಕಾಯಿ ಭರಣಿಯ ಪಕ್ಕ.

ಉಕ್ಕಿನ ಸ್ಕೇಲು ಹಿಡಿದು ಗೆರೆ ಹಾಕಿದೆ.
ಹಡಗುಕಟ್ಟೆಯಿಂದ ಯಮಾಶಿತಾ ಪಾರ್ಕು: ನಡಿಗೆ,
ಇಲ್ಲಿಂದ ರಾಜಾಸೀಟಿನಷ್ಟು, ಏರು ಇಲ್ಲ.
ಚೀನಾ ಪೇಟೆಯಲ್ಲಿ ಊಟ, ನಲವತ್ತು ನಿಮಿಷ.
ದೊಡ್ಡ ತಿರುಗುಚಕ್ರ, ಸುತ್ತಿಗೆ ಹದಿನೈದು.
ಕಾಮಾಕುರದ ಬಯಲು ಬುದ್ಧನನ್ನು ನೋಡಲೇಬೇಕು ಎಂದಳು ಬೊಳ್ಳಮ್ಮ.
ಎರಡು ರೈಲು ಹೋಗಿ, ಎರಡು ರೈಲು ಬಂದು,
ಬುದ್ಧನಿಗೆ ಉಳಿಯುವುದು ಇಪ್ಪತ್ತು ನಿಮಿಷ.

ಪೂವಕ್ಕ ಕಣಿಲೆ ಹೆಚ್ಚುತ್ತಿದ್ದಳು. ತಲೆ ಎತ್ತಲಿಲ್ಲ.
"ಬೈಲುಕುಪ್ಪೆಯಲ್ಲಿ ಮೂರು ಚಿನ್ನದ ಬುದ್ಧರಿದ್ದಾರಂತೆ.
ಇಲ್ಲಿಂದ ಒಂದೂಕಾಲು ಗಂಟೆ.
ನಿಮ್ಮ ಬಸ್ಸು ದಿನಕ್ಕೆ ನಲವತ್ತು ಸಲ ಹೋಗುತ್ತಿತ್ತಲ್ಲ,
ಒಂದರಲ್ಲಾದರೂ ನನ್ನನ್ನು ಹತ್ತಿಸಿದ್ದರೆ
ಜಪಾನಿನ ಲೆಕ್ಕದಲ್ಲಿ ಒಂದು ಬುದ್ಧ ಕಡಿಮೆಯಾಗುತ್ತಿತ್ತು."

ಸರಿ, ಹಾಗಾದರೆ ತಾಲೀಮು, ಎಂದೆ.
ಭಾನುವಾರ, ಎಂಟರಿಂದ ಐದು.
ಕುಶಾಲನಗರವೇ ಯೊಕೊಹಾಮಾ.

ನನ್ನ ಗೂಡಿನಲ್ಲಿ ಈಗೊಬ್ಬ ಹುಡುಗ. ಅವನಿಗೆ ಮೈಕು ಇದೆ.
ಎರಡು ನಿಮಿಷ, ಎಂದ.
ಪೂವಕ್ಕನ ಮಂಡಿಗೆ ಬಸ್ಸಿನ ಮೂರು ಮೆಟ್ಟಿಲೇ
ಎರಡು ನಿಮಿಷವೆಂದು
ನನಗೆ ಯಾವ ಟೈಂಟೇಬಲ್ಲೂ ಹೇಳಿರಲಿಲ್ಲ.

ಚಿನ್ನದ ಬುದ್ಧರ ಮುಂದೆ ವಾಚು ನೋಡಿದೆ: ಇಪ್ಪತ್ತು.
ಅವಳು ಕಂಬಕ್ಕೊರಗಿ ಕಾಲು ಚಾಚಿ ಕೂತಿದ್ದಳು.
ಹುಡುಗ ಭಿಕ್ಷುಗಳು ಓದುತ್ತಿದ್ದರು, ಒಬ್ಬ ಆಕಳಿಸಿದ.
ನಲವತ್ತಾಯಿತು. ಎಪ್ಪತ್ತಾಯಿತು.
"ಇವರಿಗೆ ಕಿವಿ ಯಾಕೆ ಇಷ್ಟುದ್ದ?"
"ಎಲ್ಲರದ್ದೂ ಕೇಳಿಸಿಕೊಳ್ಳಬೇಕಲ್ಲ," ಎಂದಳು ಬೊಳ್ಳಮ್ಮ, ನರ್ಸಿನ ದನಿಯಲ್ಲಿ.
ಆಮೇಲೆ ಮೋಮೋ. ಆಮೇಲೆ ಇನ್ನೊಂದು ತಟ್ಟೆ ಮೋಮೋ.
ಸೇತುವೆ ಹತ್ತಿರ ಕಾವೇರಿ ನೋಡಲೆಂದು ಆಟೋ ನಿಲ್ಲಿಸಿದಳು.
ನಮ್ಮ ಬಸ್ಸು ನಮ್ಮೆದುರಿಗೇ ಹೋಯಿತು.
ಅಭ್ಯಾಸಬಲ, ನಂಬರು ಬರೆದುಕೊಂಡೆ.

ಯೊಕೊಹಾಮಾದಲ್ಲಿ ಐದೂಕಾಲರ ಹಡಗು ಇಲ್ಲ.

ರಾತ್ರಿ ರಬ್ಬರು ಹಿಡಿದು ಕೂತೆ.
ತಿರುಗುಚಕ್ರ ಅಳಿಸಿದೆ.
ಕಾಮಾಕುರ ಅಳಿಸಿದಾಗ ಬೊಳ್ಳಮ್ಮ
ತಾನೇ ಬಗ್ಗಿ ಪುಡಿ ಊದಿದಳು.
ಪಾರ್ಕಿನ ಬೆಂಚಿನೆದುರು ಹತ್ತರಿಂದ ಎರಡೂವರೆವರೆಗೆ
ಒಂದೇ ಉದ್ದ ಮನೆ, ಖಾಲಿ.
ಟ್ರಿಪ್ ಶೀಟಿನಲ್ಲಿ ಖಾಲಿ ಮನೆಯೆಂದರೆ
ಬಸ್ಸು ಎಲ್ಲೋ ಕೆಟ್ಟು ನಿಂತಿದೆ ಎಂದರ್ಥ.
ಅದಕ್ಕೆ ನಾನು ಎಷ್ಟು ಜನರಿಗೆ ಮೆಮೋ ಕೊಟ್ಟಿದ್ದೇನೋ.
ಪೆನ್ಸಿಲು ಅಲ್ಲೇ ಸುಳಿಯಿತು, ಸುಳಿಯಿತು,
ಕೊನೆಗೆ ಸಣ್ಣಕ್ಷರದಲ್ಲಿ ಬರೆಯಿತು:
ಪೂವಕ್ಕ, ಕೂತಿರುವುದು.

ಕನ್ನಡಕ ಹಾಕಿ ಓದಿದಳು. ಎರಡು ಸಲ.
"ಹಡಗು ಬಿಡುವಾಗ ಕೂಗುವುದು ಯಾರು?"
ಹಡಗೇ ಕೂಗುತ್ತದೆ, ಎಂದೆ.
"ಹಾಗಾದರೆ ನೀವೂ ಕೂತುಕೊಳ್ಳಬಹುದು."